ಜಗದ್ಗುರು ಬಾದಶಹ ಇಬ್ರಾಹಿಂ ಆದಿಲ್‌ಶಾಹ: ಕಲಾವಿದರ ಬಳಗ ಕಟ್ಟಿದ ದೊರೆ



ಬೀದರ ಜಿಲ್ಲೆಯವರಾದ ನಮಗೆ ಮಹಮೂದ್ ಗವಾನನ ಹೆಸರು ಹೊಸದಲ್ಲ. ಚಿಂತಾಕಿ, ಔರಾದ, ಭಾಲ್ಕಿ ಕಡೆಯಿಂದ ಬೀದರಿಗೆ ಶಾಲಾ ಪ್ರವಾಸ ಹೋದ ಮಕ್ಕಳೆಲ್ಲ ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತು, ಉಳಿದಿರುವ ಒಂದೇ ಮಿನಾರನ್ನು ಕತ್ತೆತ್ತಿ ನೋಡಿರುತ್ತಾರೆ. ಅವನ ಅಂತ್ಯವನ್ನೂ ನೀವು ಪಾಠದಲ್ಲಿ ಓದಿದ್ದೀರಿ. ವೈರಿಗಳು ಅವನ ಮೊಹರು ಬಿದ್ದ ಕಾಗದದಲ್ಲಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯನ್ನೂ ನಡೆಸದೆ 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯ ತಲೆ ತೆಗೆಸಿದ. ಇದರ ಹಿಂದೆ ಇದ್ದದ್ದು ಆಸ್ಥಾನದ ಎರಡು ಗುಂಪುಗಳ ಹಗೆತನ. ಇಲ್ಲಿಯೇ ಬೇರು ಬಿಟ್ಟ ದಖ್ಖನಿಗಳು ಒಂದು ಕಡೆ, ಇರಾನ್ ಮತ್ತು ಮಧ್ಯ ಏಷ್ಯಾದಿಂದ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನ್ ಇಬ್ಬರಿಗೂ ಸಮನಾಗಿ ಅಧಿಕಾರ ಹಂಚಿದ. ಆದರೂ ಆ ಹಗೆತನ ಆರಲಿಲ್ಲ, ಕೊನೆಗೆ ಅವನನ್ನೇ ನುಂಗಿತು.

ಬೇರೆ ಬೇರೆ ನಾಡಿನ, ಬೇರೆ ಬೇರೆ ಭಾಷೆಯ, ಒಬ್ಬರನ್ನೊಬ್ಬರು ನಂಬದ ಜನರನ್ನು ಒಂದೇ ಕೆಲಸಕ್ಕೆ ಕೂಡಿಸುವುದು ಹೇಗೆ? ಗವಾನನ ಕಾಲದ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬ, ಸುಮಾರು ನೂರು ವರ್ಷಗಳ ನಂತರ ಬಿಜಾಪುರದಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ. ಅವನ ಉತ್ತರ ವಿಚಿತ್ರವಾದದ್ದು. ಅದು ಸೈನ್ಯದಲ್ಲಿ ಇರಲಿಲ್ಲ, ಕಾನೂನಿನಲ್ಲಿಯೂ ಇರಲಿಲ್ಲ. ಒಂದು ಪದದಲ್ಲಿ ಇತ್ತು.

ಇಂದು ಚಲನಚಿತ್ರ, ಜಾಹೀರಾತು, ಪತ್ರಿಕೆ, ಪುಸ್ತಕ ಪ್ರಕಟಣೆ ಈ ಎಲ್ಲ ಕ್ಷೇತ್ರಗಳಲ್ಲಿ ಕಲಾ ನಿರ್ದೇಶಕ ಎಂಬ ಹುದ್ದೆ ಇದೆ. ನಮ್ಮ ಭಾಗದ ಅನೇಕ ಯುವಕ ಯುವತಿಯರು ಹೈದರಾಬಾದು, ಬೆಂಗಳೂರು, ಪುಣೆಗಳಲ್ಲಿ ಇಂಥ ಬಳಗಗಳಲ್ಲಿ ದುಡಿಯುತ್ತಿದ್ದಾರೆ. ಕಲಾ ನಿರ್ದೇಶಕ ಎಲ್ಲ ಚಿತ್ರಗಳನ್ನೂ ತಾನೇ ಬರೆಯುವವನಲ್ಲ. ಕೆಲಸ ಮುಗಿದಾಗ ಅದು ಹೇಗೆ ಕಾಣಬೇಕೆಂದು ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳುವುದು, ತಕ್ಕ ಜನರನ್ನು ಆರಿಸುವುದು, ಆ ಕಲ್ಪನೆಯನ್ನು ಅವರ ಮನಸ್ಸಿಗೆ ಮುಟ್ಟಿಸುವುದು, ಹತ್ತು ಕೈಗಳ ಕೆಲಸ ಒಂದೇ ಕೆಲಸವಾಗಿ ಕಾಣುವಂತೆ ನೋಡಿಕೊಳ್ಳುವುದು ಅವನ ಹೊಣೆ. ಆ ಹೆಸರಿನ ಹುದ್ದೆ ಇಲ್ಲದ ಕಾಲದಲ್ಲಿ ಇಬ್ರಾಹಿಂ ಅದೇ ಹೊಣೆ ಹೊತ್ತವನು. ಆದ್ದರಿಂದ ಅವನ ಬದುಕನ್ನು ಈ ಕಣ್ಣಿನಿಂದ ಒಮ್ಮೆ ನೋಡೋಣ.

ರಕ್ತ ಕಂಡ ಬಾಲ್ಯ

ಇಬ್ರಾಹಿಂ ಹುಟ್ಟಿದ್ದು 1571ರ ಸುಮಾರಿಗೆ. ದೊಡ್ಡಪ್ಪ ಒಂದನೇ ಅಲಿ ಆದಿಲ್‌ಶಾಹನಿಗೆ ಮಕ್ಕಳಿರಲಿಲ್ಲ. 1580ರಲ್ಲಿ ಅಲಿ ಕೊಲೆಯಾದಾಗ ಒಂಬತ್ತು ವರ್ಷದ ಈ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ಸಾಕಿ ಬೆಳೆಸಿದವಳು ಅಲಿಯ ವಿಧವೆ, ಪ್ರಸಿದ್ಧ ಚಾಂದ್ ಬೀಬಿ.

ಹೆಸರಿಗೆ ಹುಡುಗ ದೊರೆ, ಆಳುವವರು ಬೇರೆ. ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಹೀಗೆ ಒಬ್ಬರನ್ನು ಕೆಡವಿ ಇನ್ನೊಬ್ಬರು ಅಧಿಕಾರ ಹಿಡಿದರು. ಕಿಶ್ವರ್ ಖಾನನಂತೂ ಚಾಂದ್ ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟಿದ್ದ. ದಖ್ಖನಿ, ಹಬ್ಶಿ, ಆಫಾಕಿ ಗುಂಪುಗಳ ಜಗಳದಲ್ಲಿ ಸೆರೆ, ಗಡಿಪಾರು, ಕಣ್ಣು ಕೀಳಿಸುವ ಶಿಕ್ಷೆ ಎಲ್ಲವೂ ನಡೆದವು. ಗವಾನನನ್ನು ಬಲಿ ತೆಗೆದುಕೊಂಡ ಅದೇ ರೋಗ ಬೀದರಿನಿಂದ ಬಿಜಾಪುರಕ್ಕೂ ಹಬ್ಬಿತ್ತು. ನಿಮ್ಮಲ್ಲಿ ನಾಲ್ಕನೇ ಐದನೇ ತರಗತಿಯ ವಯಸ್ಸಿನ ಮಗು ಇದನ್ನೆಲ್ಲ ಕಣ್ಣಾರೆ ನೋಡುತ್ತ ಬೆಳೆಯಿತು ಎಂದು ಊಹಿಸಿಕೊಳ್ಳಿ.

1590ರ ಸುಮಾರಿಗೆ ದಿಲಾವರ್ ಖಾನನನ್ನು ಕೆಳಗಿಳಿಸಿ ಇಬ್ರಾಹಿಂ ತಾನೇ ಆಡಳಿತ ಕೈಗೆತ್ತಿಕೊಂಡ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಆ ಹೊತ್ತಿಗೆ ಅವನು ತಂಬೂರಿ ನುಡಿಸಲು, ಹಾಡು ಕಟ್ಟಲು, ಚಿತ್ರ ಬರೆಯಲು, ಸುಂದರ ಅಕ್ಷರ ಬರೆಯಲು ಕಲಿತಿದ್ದ. ಕಲೆ ಅವನಿಗೆ ಅಧಿಕಾರ ಸಿಕ್ಕ ಮೇಲೆ ಬಂದ ಶೋಕಿಯಲ್ಲ. ತಾನೇ ಕೈಯಾಡಿಸಿ ಕಲಿತವನಾದ್ದರಿಂದ ಕಲಾವಿದರ ಕಷ್ಟ ಅವನಿಗೆ ತಿಳಿದಿತ್ತು.

ಒಂದು ಹೆಸರು, ಎರಡು ಅರ್ಥ

ಅವನು ಆರಿಸಿಕೊಂಡ ಪದ ನವರಸ್. ನಮ್ಮ ನಾಡಿನವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ: ಶೃಂಗಾರ, ವೀರ, ಕರುಣ ಮೊದಲಾದ ಒಂಬತ್ತು ರಸಗಳು. ಆದರೆ ಪಾರಸಿ ಬಲ್ಲವರ ಕಿವಿಗೆ ಅದೇ ಪದ ಬೇರೆ ರೀತಿ ಕೇಳಿಸುತ್ತದೆ. ನವ್ ಎಂದರೆ ಹೊಸದು, ರಸ್ ಎಂದರೆ ಬಂದದ್ದು, ಒದಗಿದ್ದು. ಹೊಸದಾಗಿ ಮಾಗಿದ ಹಣ್ಣು ಎಂಬ ಅರ್ಥ ಬರುತ್ತದೆ. ದಖ್ಖನಿಗೆ ಇದು ತನ್ನ ಮನೆಯ ಮಾತು, ಶಿರಾಜಿನಿಂದ ಬಂದವನಿಗೂ ತನ್ನ ಮನೆಯ ಮಾತು. ಇಬ್ಬರೂ ತಮ್ಮದೆಂದು ಹೇಳಿಕೊಳ್ಳಬಹುದಾದ ಪದ ಅದು.

ಈ ಪದವನ್ನು ಇಬ್ರಾಹಿಂ ಎಲ್ಲ ಕೆಲಸಕ್ಕೂ ಮೊಹರಿನಂತೆ ಬಳಸಿದ. ತಾನು ರಚಿಸಿದ ಹಾಡುಗಳ ಗ್ರಂಥಕ್ಕೆ ಕಿತಾಬ್-ಎ-ನವರಸ್ ಎಂದು ಹೆಸರಿಟ್ಟ. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ಈಗಿನ ತೊರವಿಯ ಬಳಿ ಕಟ್ಟಲು ಆರಂಭಿಸಿದ ಹೊಸ ನಗರಕ್ಕೆ ನವರಸಪುರ ಎಂದು ಹೆಸರಾಯಿತು. ಆಸ್ಥಾನದ ಹಬ್ಬಕ್ಕೆ ಈದ್-ಎ-ನವರಸ್ ಎಂದು ಹೆಸರು. ಇಂದು ಒಂದು ಕಂಪನಿ ತನ್ನ ಫಲಕ, ಕಾಗದ, ವಾಹನ, ಸಮವಸ್ತ್ರ ಎಲ್ಲದರಲ್ಲೂ ಒಂದೇ ಗುರುತು ಇರುವಂತೆ ನೋಡಿಕೊಳ್ಳುತ್ತದಲ್ಲ, ಹಾಗೆ. ಆ ಗುರುತು ಕಂಡವನಿಗೆ ತಾನು ಯಾವ ಕೆಲಸದ ಭಾಗ ಎಂಬುದು ತಿಳಿಯುತ್ತಿತ್ತು.

ಕಿತಾಬ್-ಎ-ನವರಸ್ ಇರುವುದು ದಖ್ಖನಿಯಲ್ಲಿ, ಅಂದರೆ ನಮ್ಮ ಮನೆಗಳಲ್ಲಿ ಇಂದೂ ಆಡುವ ಉರ್ದುವಿನ ಹಿರಿಯ ರೂಪದಲ್ಲಿ. ಅದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಹಾಡುಗಳನ್ನು ಭೈರವ, ಮಲ್ಹಾರ, ಕಲ್ಯಾಣ, ತೋಡಿ ಮುಂತಾದ ರಾಗಗಳ ಕೆಳಗೆ ಜೋಡಿಸಿದ್ದಾನೆ. ಸರಸ್ವತಿಯ ಸ್ತುತಿ ಇದೆ, ಪ್ರವಾದಿಯವರ ಪ್ರಶಂಸೆ ಇದೆ, ಗುಲಬರ್ಗಾದ ಹಜರತ್ ಬಂದೇನವಾಜ್ ಗೇಸುದರಾಜರ ಮೇಲಿನ ಭಕ್ತಿ ಇದೆ. ಮೋತಿಖಾನ್ ಎಂಬ ತನ್ನ ತಂಬೂರಿಯನ್ನೂ ಆತಶ್‌ಖಾನ್ ಎಂಬ ತನ್ನ ಆನೆಯನ್ನೂ ಅವನು ಹಾಡಿನಲ್ಲಿ ತಂದಿದ್ದಾನೆ. ಜನ ಅವನನ್ನು ಜಗದ್ಗುರು ಎಂದು ಕರೆದದ್ದು ಸುಮ್ಮನೆ ಅಲ್ಲ. ಈ ಗ್ರಂಥವನ್ನು ಪ್ರೊ. ನಜೀರ್ ಅಹ್ಮದ್ ಸಂಪಾದಿಸಿ 1956ರಲ್ಲಿ ಪ್ರಕಟಿಸಿದ್ದರಿಂದ ಇಂದು ನಾವೂ ಓದಬಹುದು.

ಬಳಗದಲ್ಲಿ ಯಾರಿದ್ದರು?

ಈಗ ಬಳಗವನ್ನು ನೋಡಿ. ದಖ್ಖನಿ ಹಾಡುಗಳು ಪಾರಸಿ ವಿದ್ವಾಂಸರಿಗೆ ತಿಳಿಯುವುದು ಹೇಗೆ? ಅದಕ್ಕಾಗಿ ಪಾರಸಿಯ ಹೆಸರಾಂತ ಕವಿ ಜುಹೂರಿ ಗ್ರಂಥಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದ. ನವರಸ್ ಎಂಬ ಪದಕ್ಕಿರುವ ಎರಡೂ ಅರ್ಥಗಳನ್ನು ಅವನೇ ಅಲ್ಲಿ ಬಿಡಿಸಿ ಹೇಳಿದ್ದಾನೆ. ಹೀಗೆ ಅರಸನ ದಖ್ಖನಿಯೂ ಪರದೇಶಿ ಕವಿಯ ಪಾರಸಿಯೂ ಒಂದೇ ಹೊದಿಕೆಯೊಳಗೆ ಕೂಡಿದವು.

ಆ ಹಾಡುಗಳನ್ನು ಸುಂದರ ಅಕ್ಷರಗಳಲ್ಲಿ ಬರೆಯಲು ಹಲವು ಲಿಪಿಕಾರರು ದುಡಿದರು. ಅವರಲ್ಲಿ ಇರಾನಿನಿಂದ ಬಂದ ಖಲೀಲುಲ್ಲಾ ಅಗ್ರಗಣ್ಯ. 1618ರಲ್ಲಿ ಅವನು ತಾನು ಬರೆದ ಪ್ರತಿಯನ್ನು ಒಪ್ಪಿಸಿದಾಗ ಇಬ್ರಾಹಿಂ ಅವನಿಗೆ ಪಾದಶಾಹ್-ಎ-ಕಲಮ್, ಅಂದರೆ ಲೇಖನಿಯ ಚಕ್ರವರ್ತಿ ಎಂಬ ಬಿರುದು ಕೊಟ್ಟ. ಯೋಚಿಸಿ: ಪುಸ್ತಕ ಅರಸನದು, ಹಾಡು ಅರಸನದು. ಆದರೂ ಅಕ್ಷರದ ವಿಷಯ ಬಂದಾಗ ಚಕ್ರವರ್ತಿ ಎಂಬ ಪದವನ್ನು ಅವನು ತನ್ನ ನೌಕರನಿಗೆ ಬಿಟ್ಟುಕೊಟ್ಟ.

ಚಿತ್ರಕಾರರಲ್ಲಿ ಫರ್ರುಖ್ ಹುಸೇನ್ ಮುಖ್ಯನು. ಅವನು ಬರೆದ, ತಂಬೂರಿ ನುಡಿಸುತ್ತಿರುವ ಇಬ್ರಾಹಿಮನ ಚಿತ್ರ ಇಂದು ಯುರೋಪಿನ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಹಾಲೆಂಡಿನ ಹಾರ್ಲೆಂ ಊರಿನ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರನೂ 1610ರ ಸುಮಾರಿಗೆ ಬಿಜಾಪುರಕ್ಕೆ ಬಂದು, 1622ರಲ್ಲಿ ಸಾಯುವವರೆಗೆ ಇಲ್ಲಿಯೇ ಇದ್ದ. ಅಬ್ದುಲ್ ಎಂಬ ಕವಿ 1603ರಲ್ಲಿ ದಖ್ಖನಿಯಲ್ಲಿ ಇಬ್ರಾಹಿಂನಾಮಾ ಬರೆದ. ಪ್ರಸಿದ್ಧ ಇತಿಹಾಸಕಾರ ಫಿರಿಶ್ತಾನೂ ಇದೇ ಆಸ್ಥಾನದವನು. ಹಿಂದೂಸ್ಥಾನದ ಪೂರ್ಣ ಇತಿಹಾಸ ಬರೆಯುವಂತೆ, ಆದರೆ ಅದರಲ್ಲಿ ಹೊಗಳಿಕೆಯೂ ಸುಳ್ಳೂ ಸೇರದಂತೆ ನೋಡಿಕೊಳ್ಳುವಂತೆ ಇಬ್ರಾಹಿಂ ತನಗೆ ತಿಳಿಸಿದ್ದನೆಂದು ಫಿರಿಶ್ತಾ ದಾಖಲಿಸಿದ್ದಾನೆ. ಕೆಲಸ ಒಪ್ಪಿಸುವವನು ಹೀಗೆ ಸ್ಪಷ್ಟವಾಗಿ ಹೇಳಿದರೆ ಮಾಡುವವನಿಗೆ ದಾರಿ ಕಾಣುತ್ತದೆ.

ಸಂಗೀತಗಾರರ ಸಂಖ್ಯೆ ದೊಡ್ಡದು. ಅವರನ್ನು ಹುಜೂರಿ, ದರ್ಬಾರಿ, ಶಹರಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿದ್ದರು. ಅರಸನ ಸಮ್ಮುಖದಲ್ಲಿ ಹಾಡುವವರು, ದರ್ಬಾರಿನಲ್ಲಿ ಹಾಡುವವರು, ನಗರದ ಜನರ ನಡುವೆ ಹಾಡುವವರು ಎಂದು ಅದರ ತಾತ್ಪರ್ಯ. ಬಳಗ ದೊಡ್ಡದಾದಷ್ಟೂ ಯಾರ ಕೆಲಸ ಎಲ್ಲಿ ಎಂಬುದು ಖಚಿತವಾಗಿರಬೇಕು. ಪ್ರೀತಿ ಒಂದರಿಂದಲೇ ಬಳಗ ನಡೆಯುವುದಿಲ್ಲ, ವ್ಯವಸ್ಥೆಯೂ ಬೇಕು.

ತಾನಸೇನ ಕುಳಿತು ಹಾಡುತ್ತಿದ್ದನೇ?

ಇಬ್ರಾಹಿಂ ಕಲಾವಿದರನ್ನು ಹೇಗೆ ಕಾಣುತ್ತಿದ್ದ ಎಂಬುದಕ್ಕೆ ಒಂದು ಸಣ್ಣ ಪ್ರಸಂಗ ಸಾಕು. ಅವನ ಮಗಳ ವಿವಾಹ ಅಕ್ಬರನ ಮಗ ದಾನಿಯಾಲನೊಂದಿಗೆ ನಿಶ್ಚಯವಾಗಿತ್ತು. ಅದರ ಸಲುವಾಗಿ 1604ರ ಹೊತ್ತಿಗೆ ಅಸದ್ ಬೇಗ್ ಎಂಬ ಮೊಗಲ್ ದೂತ ಬಿಜಾಪುರಕ್ಕೆ ಬಂದ. ದೆಹಲಿ ಆಗ್ರಾಗಳ ದೊಡ್ಡ ಸಾಮ್ರಾಜ್ಯದ ದೂತನ ಬಳಿ ಸಾಮಾನ್ಯ ಅರಸ ಸೈನ್ಯ, ಕಪ್ಪ, ಗಡಿಗಳ ಮಾತೆತ್ತುತ್ತಾನೆ. ಇಬ್ರಾಹಿಂ ತಾನಸೇನನ ಬಗ್ಗೆ ವಿಚಾರಿಸಿದ. ಆ ಮಹಾನ್ ಗಾಯಕ ಅಕ್ಬರನ ಮುಂದೆ ನಿಂತು ಹಾಡುತ್ತಿದ್ದನೋ ಕುಳಿತು ಹಾಡುತ್ತಿದ್ದನೋ ಎಂಬುದು ಅವನ ಪ್ರಶ್ನೆ. ದರ್ಬಾರಿನಲ್ಲಿ ನಿಂತೇ ಹಾಡಬೇಕು, ಕೆಲವು ವಿಶೇಷ ಸಂದರ್ಭಗಳಲ್ಲಿ ಕೂರಲು ಅಪ್ಪಣೆ ಇರುತ್ತಿತ್ತು ಎಂದು ದೂತ ತಿಳಿಸಿದ. ಹಾಡುವವನಿಗೆ ನೆಮ್ಮದಿ ಇರಬೇಕು, ಅವನನ್ನು ಸಂತೋಷದಿಂದ ಇಟ್ಟುಕೊಳ್ಳಬೇಕು ಎಂಬುದು ಇಬ್ರಾಹಿಮನ ಅಭಿಪ್ರಾಯವಾಗಿತ್ತು.

ವಿದ್ಯಾರ್ಥಿಗಳೇ, ಈ ಪ್ರಶ್ನೆಯನ್ನು ಸಣ್ಣದೆಂದು ತಿಳಿಯಬೇಡಿ. ಹಾಡು ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಹಾಡುವವನಿಗೆ ಕೂರಲು ಜಾಗ ಇತ್ತೇ ಎಂದು ಕೇಳುವವನು ಮುಂದಾಳು.

ಕಲ್ಲಿನಲ್ಲಿ ಉಳಿದ ಹೆಸರುಗಳು

ಬಿಜಾಪುರದ ಇಬ್ರಾಹಿಂ ರೋಜಾ ನೋಡಿದವರು ಅದನ್ನು ಮರೆಯುವುದಿಲ್ಲ. ರಾಣಿ ತಾಜ್ ಸುಲ್ತಾನಾಳಿಗಾಗಿ ಆರಂಭವಾದ ಈ ಗೋರಿ ಕಟ್ಟಡ 1626ರ ಹೊತ್ತಿಗೆ ಮುಗಿಯಿತು. 1627ರಲ್ಲಿ ಇಬ್ರಾಹಿಂ ತೀರಿಕೊಂಡಾಗ ಅವನನ್ನೂ ಅಲ್ಲಿಯೇ ಮಣ್ಣು ಮಾಡಿದರು. ಅದರ ಕಿಟಕಿಗಳನ್ನು ಗಮನಿಸಿ. ಸಾಮಾನ್ಯವಾಗಿ ಕಲ್ಲಿನ ಜಾಲಂದ್ರದಲ್ಲಿ ಹೂಬಳ್ಳಿಯೋ ನಕ್ಷತ್ರವೋ ಇರುತ್ತದೆ. ಇಲ್ಲಿ ಅರಬ್ಬೀ ಅಕ್ಷರಗಳೇ ಜಾಲಂದ್ರವಾಗಿವೆ, ಅಕ್ಷರಗಳ ನಡುವಿನಿಂದ ಬೆಳಕು ಒಳಗೆ ಬರುತ್ತದೆ.

ಇಂಥ ಕಿಟಕಿಯನ್ನು ಒಬ್ಬನೇ ಮಾಡಲಾರ. ಲಿಪಿಕಾರ ಕಾಗದದ ಮೇಲೆ ಬರೆಯುವಂತೆ ಗೆರೆಯನ್ನು ತೆಳುವಾಗಿ ಎಳೆದರೆ ಕಲ್ಲು ಮುರಿಯುತ್ತದೆ. ಕಲ್ಲುಕುಟಿಗ ಕಲ್ಲು ಉಳಿಯಲೆಂದು ದಪ್ಪ ಬಿಟ್ಟರೆ ಅಕ್ಷರ ಕೆಡುತ್ತದೆ. ಲಿಪಿಕಾರನಿಗೆ ಕಲ್ಲಿನ ಗುಣ ತಿಳಿಯಬೇಕು, ಕಲ್ಲುಕುಟಿಗನಿಗೆ ಅಕ್ಷರದ ಗೌರವ ತಿಳಿಯಬೇಕು, ಇಬ್ಬರನ್ನೂ ಕೂರಿಸಿ ಮಾತಾಡಿಸುವ ಮೂರನೆಯವನೊಬ್ಬ ಬೇಕು. ಆ ಮೂರನೆಯವನ ಹೆಸರು ಮಲಿಕ್ ಸಂದಲ್. ಗೋರಿಯ ಶಾಸನದಲ್ಲಿ ಅವನ ಹೆಸರಿದೆ. ಅಕ್ಷರ ಬರೆದ ನಕೀಯುದ್ದೀನ್ ಹುಸೇನಿಯ ಹೆಸರೂ ಅಲ್ಲಿದೆ. ಖರ್ಚಾದದ್ದು ಒಂದೂವರೆ ಲಕ್ಷದ ಮೇಲೆ 900 ಹೊನ್ನು ಎಂಬ ಲೆಕ್ಕವೂ ಇದೆ. ಹೆಸರೂ ಲೆಕ್ಕವೂ ಎರಡೂ ಎಲ್ಲರಿಗೆ ಕಾಣುವಂತೆ ಗೋಡೆಯ ಮೇಲೆ!

ಬೀದರಿನವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಬಿದ್ರಿ ಹೂಜಿಯನ್ನೇ ನೋಡಿ. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುವವರು ಒಬ್ಬರು, ನಕ್ಷೆ ಬಿಡಿಸಿ ಕೊರೆಯುವವರು ಒಬ್ಬರು, ಬೆಳ್ಳಿಯ ತಂತಿ ಕೂರಿಸುವವರು ಇನ್ನೊಬ್ಬರು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬಣ್ಣ ಬರಿಸುತ್ತಾರೆ. ಒಬ್ಬರ ಕೈ ತಪ್ಪಿದರೆ ಮಿಕ್ಕವರ ದುಡಿಮೆ ಹಾಳು. ಆದರೆ ಅಂಗಡಿಯಲ್ಲಿ ಹೂಜಿ ಕೊಂಡವರಿಗೆ ಆ ಕೈಗಳ ಹೆಸರು ತಿಳಿಯುವುದಿಲ್ಲ.

ಸುಟ್ಟ ನಗರ

ಇಷ್ಟೆಲ್ಲ ಹೇಳಿ ಇಬ್ರಾಹಿಂ ಎಲ್ಲದರಲ್ಲೂ ಗೆದ್ದ ಎಂದರೆ ಅದು ಇತಿಹಾಸವಾಗುವುದಿಲ್ಲ. ಅವನಿಗೂ ರಕ್ತದ ಕಲೆ ಅಂಟಿತ್ತು. ದಿಲಾವರ್ ಖಾನನ ಕಣ್ಣು ಕೀಳಿಸಿದವನು ಅವನೇ. ಸ್ವಂತ ತಮ್ಮ ಇಸ್ಮಾಯಿಲ್ ಬೆಳಗಾವಿಯಲ್ಲಿ ಬಂಡೆದ್ದಾಗ ಅದನ್ನು ಕಠಿಣವಾಗಿಯೇ ಅಡಗಿಸಿದ. 1619ರಲ್ಲಿ ನಮ್ಮ ಬೀದರಿನ ಬರೀದ್‌ಶಾಹಿ ರಾಜ್ಯವನ್ನು ಗೆದ್ದು ಬಿಜಾಪುರಕ್ಕೆ ಸೇರಿಸಿಕೊಂಡವನೂ ಅವನೇ. ಕಲಾವಿದರೆಲ್ಲರೂ ಕೊನೆಯವರೆಗೆ ಅವನೊಂದಿಗೆ ಉಳಿಯಲಿಲ್ಲ. ಫರ್ರುಖ್ ಹುಸೇನನೇ ಮುಂದೆ ಜಹಾಂಗೀರನ ಆಸ್ಥಾನದಲ್ಲಿ ಕಾಣುವ ಫರ್ರುಖ್ ಬೇಗ್ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ.

ದೊಡ್ಡ ಪೆಟ್ಟು ಬಿದ್ದದ್ದು 1624ರಲ್ಲಿ. ಅಹಮದನಗರದ ಮಲಿಕ್ ಅಂಬರ್ ಭಾತವಡಿಯ ಯುದ್ಧದಲ್ಲಿ ಮೊಗಲ್ ಮತ್ತು ಬಿಜಾಪುರದ ಸೈನ್ಯಗಳನ್ನು ಸೋಲಿಸಿ, ಬಿಜಾಪುರದ ಕಡೆ ನುಗ್ಗಿ ಬಂದ. ನವರಸಪುರ ಸುತ್ತುಗೋಡೆ ಪೂರ್ತಿಯಾಗದ ನಗರ. ಅವನ ಸೈನ್ಯ ಅದನ್ನು ಕೊಳ್ಳೆ ಹೊಡೆದು ಹಾಳುಗೆಡವಿತು. ಸುಮಾರು ಇಪ್ಪತ್ತೈದು ವರ್ಷಗಳ ಕನಸು ಕೆಲವೇ ದಿನಗಳಲ್ಲಿ ಮಣ್ಣಾಯಿತು. ಆಗ ಇಬ್ರಾಹಿಮನಿಗೆ ಐವತ್ತು ದಾಟಿತ್ತು. ಇಂದು ತೊರವಿಯಲ್ಲಿ ಸಂಗೀತ ಮಹಲಿನ ಎತ್ತರದ ಕಮಾನು ಮತ್ತು ಕೆಲವು ಪಾಳು ಗೋಡೆಗಳು ಮಾತ್ರ ಆ ನಗರದ ಗುರುತಾಗಿ ನಿಂತಿವೆ.

ಹಾಗಾದರೆ ಏನು ಉಳಿಯಿತು? ಹಾಡುಗಳು ಉಳಿದವು, ಏಕೆಂದರೆ ಅವುಗಳನ್ನು ಒಬ್ಬನಲ್ಲ, ಹಲವರು ಬರೆದಿಟ್ಟಿದ್ದರು. ಜುಹೂರಿಯ ಮುನ್ನುಡಿ ಉಳಿಯಿತು, ಪಾರಸಿ ಕಲಿಯುವವರು ಅದನ್ನು ಮಾದರಿ ಗದ್ಯವೆಂದು ಮುಂದೆ ಓದುತ್ತ ಬಂದರು. ಫಿರಿಶ್ತಾನ ಇತಿಹಾಸ ಉಳಿಯಿತು. ಗವಾನನ ಅಂತ್ಯದ ಕಥೆಯನ್ನು ನಮಗೆ ವಿವರವಾಗಿ ತಲುಪಿಸಿದ ಗ್ರಂಥಗಳಲ್ಲಿ ಅದೂ ಒಂದು. ಚಿತ್ರಗಳು ದೇಶ ವಿದೇಶಗಳ ಸಂಗ್ರಹಾಲಯ ಸೇರಿದವು. ಹಂಚಿಕೊಂಡು ಮಾಡಿದ ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಮನೆಗಳಿರುತ್ತವೆ. ಒಂದು ಮನೆ ಸುಟ್ಟರೆ ಇನ್ನೊಂದರಲ್ಲಿ ಅದು ಬದುಕುತ್ತದೆ.

ನಾವು ಕಲಿಯಬೇಕಾದದ್ದು

ಮಿತ್ರರೇ, ಇಬ್ರಾಹಿಮನ ಬದುಕಿನಿಂದ ಬಳಗ ನಡೆಸುವವರು ಕಲಿಯಬೇಕಾದ ಪಾಠಗಳು ಕೆಲವಿವೆ. ಮೊದಲನೆಯದು, ಎಲ್ಲರೂ ತಮ್ಮದೆಂದು ಒಪ್ಪುವ ಒಂದು ಕಲ್ಪನೆ ಮುಂದಾಳುವಿನ ಬಳಿ ಇರಬೇಕು. ನವರಸ್ ಎಂಬ ಪದದಂತೆ ಅದು ಸರಳವಾಗಿರಬೇಕು, ಯಾರನ್ನೂ ಹೊರಗಿಡುವಂತೆ ಇರಬಾರದು. ಎರಡನೆಯದು, ಮುಂದಾಳುವಿಗೆ ಕೆಲಸದ ರುಚಿ ಗೊತ್ತಿರಬೇಕು, ಆದರೆ ತನಗಿಂತ ಬಲ್ಲವನ ಮುಂದೆ ಅವನು ಶಿಷ್ಯನಾಗಬೇಕು. ಮೂರನೆಯದು, ದುಡಿಯುವವರ ನೆಮ್ಮದಿಯನ್ನು ಕೆಲಸದ ಭಾಗವೆಂದೇ ತಿಳಿಯಬೇಕು. ನಾಲ್ಕನೆಯದು, ಮಾಡಿದವರ ಹೆಸರನ್ನು ಎಲ್ಲರಿಗೆ ಕಾಣುವಂತೆ ಬರೆಯಬೇಕು.

ಈ ಕೊನೆಯ ಮಾತಿನ ಬಗ್ಗೆ ನಮ್ಮ ಶಾಲೆಗಳ ಸಲುವಾಗಿ ಎರಡು ಮಾತು ಹೇಳಲೇಬೇಕು. ಚಿಂತಾಕಿಯಂಥ ಊರಿನಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಕೇಳಿಸುತ್ತವೆ. ನಮ್ಮ ಮಕ್ಕಳಿಗೆ ಬಳಗ ಕಟ್ಟುವ ವಿದ್ಯೆ ಓಣಿಯಲ್ಲಿಯೇ ಅರ್ಧ ಬಂದಿರುತ್ತದೆ. ಶಾಲೆಯ ವಾರ್ಷಿಕೋತ್ಸವ, ಗೋಡೆ ಪತ್ರಿಕೆ, ನಾಟಕ ಎಲ್ಲವೂ ಉಳಿದರ್ಧ ಕಲಿಸುವ ತರಗತಿಗಳೇ. ಆದರೆ ನಾವು ಏನು ಮಾಡುತ್ತೇವೆ? ವೇದಿಕೆಯ ಮೇಲೆ ಹಾಡಿದವರಿಗೆ ಚಪ್ಪಾಳೆ ಸಿಗುತ್ತದೆ. ಪರದೆಗೆ ಬಣ್ಣ ಬಳಿದ ಹುಡುಗ, ಎರಡು ಭಾಷೆಯಲ್ಲಿ ಫಲಕ ಬರೆದ ಹುಡುಗಿ, ಕುರ್ಚಿ ಹೊತ್ತು ತಂದವರು ಕತ್ತಲೆಯಲ್ಲಿ ಉಳಿಯುತ್ತಾರೆ. ಅಂದ ಅಕ್ಷರ ಬರೆಯುವ ಮಗುವಿಗೆ ಅದು ಅಂಕ ತರದ ವಿದ್ಯೆ ಎಂದು ಮನೆಯಲ್ಲಿಯೂ ಹೇಳುತ್ತಾರೆ, ಶಾಲೆಯಲ್ಲಿಯೂ ಹೇಳುತ್ತಾರೆ. ಹೀಗೆ ಕೇಳಿದ ಮಗು ಕೆಲವು ವರ್ಷಗಳಲ್ಲಿ ಕುಂಚ ಕೆಳಗಿಡುತ್ತದೆ. ನಷ್ಟ ಆ ಮಗುವಿಗೆ ಮಾತ್ರವಲ್ಲ, ಸಮಾಜಕ್ಕೂ ಹೌದು.

ಆದ್ದರಿಂದ ಈ ವರ್ಷ ನಿಮ್ಮ ಶಾಲೆಯಲ್ಲಿ ಗೋಡೆ ಪತ್ರಿಕೆ ಸಿದ್ಧವಾದಾಗ ಅದರ ಕೆಳಗಡೆ ಒಂದು ಸಾಲು ಬಿಡಿ. ಬರೆದವರು, ಚಿತ್ರ ತೆಗೆದವರು, ಅಕ್ಷರ ತಿದ್ದಿದವರು, ಅಂಟಿಸಿದವರು ಎಲ್ಲರ ಹೆಸರನ್ನೂ ಅಲ್ಲಿ ಬರೆಯಿರಿ. ಮುಂದಾಳುವಾದವರು ತಮ್ಮ ಹೆಸರನ್ನು ಕೊನೆಗೆ ಬರೆಯಿರಿ. ಖರ್ಚಿನ ಲೆಕ್ಕವನ್ನೂ ಪಕ್ಕದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಬಿಜಾಪುರದ ಗೋಡೆಯ ಮೇಲೆ ಮಲಿಕ್ ಸಂದಲನ ಹೆಸರು ನಾಲ್ಕು ಶತಮಾನಗಳಿಂದ ಓದುವವರಿಗೆ ಸಿಗುತ್ತಿದೆ. ನಮ್ಮ ಮಕ್ಕಳ ಹೆಸರು ಒಂದು ವಾರವಾದರೂ ಶಾಲೆಯ ಗೋಡೆಯ ಮೇಲೆ ಇರಲಿ.